ಪೆಂಗ್ವಿನ್ ಬೊಂಬೆಯೂ ಪೆಡಲಿಲ್ಲದ ಸೈಕಲ್ಲೂ

ವಿಜ್ಞಾನದ ಮೇಷ್ಟ್ರು ರಜೆ ಹಾಕಿದ್ದರು. ಎಂಟನೇ ತರಗತಿಯ ಆ ಪೀರಿಯಡ್ಡು ನಮ್ಮ ಪಾಲಿಗೆ ಬಂತು. ಪಾಠ ಘರ್ಷಣೆ. ಟಿ.ಸಿ.ಎಚ್. ಮಾಡಿ ಬಿ.ಎ. ಓದಿದವರ ಕೈಗೆ ಘರ್ಷಣೆಯ ಪಾಠ ಕೊಟ್ಟರೆ ಏನು ಮಾಡುತ್ತಾರೆ? ಉದಾಹರಣೆ ಮೇಲೆ ಉದಾಹರಣೆ ಕೊಡುತ್ತಾರೆ. ನಾವೂ ಒರಟು ನೆಲ, ನುಣುಪು ನೆಲ, ಎಣ್ಣೆ ಬಿದ್ದ ನೆಲ ಎಂದು ಹೇಳುತ್ತಾ ಮಂಜುಗಡ್ಡೆಗೆ ಬಂದೆವು. ಸಾನಮಾವಿನ ಮಕ್ಕಳಿಗೆ ಮಂಜುಗಡ್ಡೆ ಎಂದರೆ ಐಸ್ ಕ್ಯಾಂಡಿ, ಹೆಚ್ಚೆಂದರೆ ಹೊಸೂರಿನ ಮೀನಂಗಡಿಯ ಪೆಟ್ಟಿಗೆ. ಅದರ ಮೇಲೆ ಜನ ಓಡುತ್ತಾರೆ, ಕುಣಿಯುತ್ತಾರೆ ಎಂದರೆ ಯಾರೂ ಒಪ್ಪಲಿಲ್ಲ. ಸರಿ, ಮೊಬೈಲು ತೆಗೆದು ಒಂದು ವಿಡಿಯೋ ತೋರಿಸಿದೆವು.

ಯಾವುದೋ ಚಳಿ ದೇಶದ ಒಳಾಂಗಣ. ನಾಲ್ಕೈದು ವರ್ಷದ ಮಕ್ಕಳು ಕಾಲಿಗೆ ಕತ್ತಿ ಜೋಡಿಸಿದಂಥ ಬೂಟು ಹಾಕಿಕೊಂಡು, ತಮ್ಮಷ್ಟೇ ಎತ್ತರದ ಪ್ಲಾಸ್ಟಿಕ್ ಪೆಂಗ್ವಿನ್ ಬೊಂಬೆಗಳ ಹಿಡಿ ಹಿಡಿದು ತಳ್ಳುತ್ತಾ ಹೋಗುತ್ತಿದ್ದಾರೆ.

"ಸಾ, ಆ ಬೊಂಬೆ ಯಾಕ್ ಸಾ ತಳ್ತಾವ್ರೆ?"

"ಬೀಳ್ದೆ ಇರೋಕೆ."

ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು: "ನಮ್ ಪಾಪು ನಡೆವಂಡಿ ಇದ್ದಂಗೆ ಸಾ!"

ತರಗತಿ ಗೊಳ್ಳೆಂದು ನಕ್ಕಿತು. ನಮಗೆ ಮಾತ್ರ ಆ ಮಾತು ಮನೆಗೆ ಹೋದ ಮೇಲೂ ಬಿಡಲಿಲ್ಲ. ಯಾಕೆಂದರೆ ಆ ಹುಡುಗಿ ಹೇಳಿದ್ದು ಸರಿಯಾಗಿತ್ತು, ಮತ್ತು ಆ ಬೊಂಬೆಯ ಬಗ್ಗೆ ಜಗಳವೇ ಇದೆ ಎಂದು ಓದಿದ ಮೇಲೆ ನಮಗೆ ತಿಳಿಯಿತು. ಓದುಗ ಮಿತ್ರರೇ, ಐಸ್ ಸ್ಕೇಟಿಂಗಿಗೂ ನಮ್ಮ ಕನ್ನಡ ಶಾಲೆಗೂ ಏನು ಸಂಬಂಧ ಎಂದು ಕೇಳಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ. ಸಂಬಂಧ ಇದೆ.

ಮೊದಲು ಆ ಬೂಟಿನ ವಿಷಯ. ಕುಣಿತದ ಸ್ಕೇಟಿನ ಅಲಗು ಸುಮಾರು 4 ಮಿಲಿಮೀಟರ್ ದಪ್ಪ. ಅದರ ಅಡಿ ಮಟ್ಟಸವಾಗಿಲ್ಲ. ಉದ್ದಕ್ಕೂ ಒಂದು ಸಣ್ಣ ತೋಡು ಇದ್ದು, ಒಳಗೊಂದು ಹೊರಗೊಂದು ಎಂದು ಎರಡು ಅಂಚು ಇರುತ್ತದೆ. ಬಲ್ಲವನು ಮೈಯನ್ನು ಒಂದಿಷ್ಟು ವಾಲಿಸಿ ಒಂದು ಅಂಚಿನ ಮೇಲೆ ನಿಂತರೆ ಸಾಕು, ತಾನಾಗಿ ತಿರುಗುತ್ತಾನೆ. ಬಾರದವನಿಗೆ ಆ ಎರಡು ಅಂಚೂ ಶತ್ರುಗಳೇ. ಕೆಳಗಿನ ನೆಲವಾದರೋ ಕಾಲನ್ನು ಹಿಡಿಯುವುದೇ ಇಲ್ಲ. ಮೈಭಾರದ ಒತ್ತಡಕ್ಕೆ ಮಂಜು ಕರಗಿ ನೀರಾಗುತ್ತದೆ, ಅದಕ್ಕೇ ಜಾರುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಮನುಷ್ಯನ ಭಾರಕ್ಕೆ ಅಷ್ಟು ಶಕ್ತಿ ಇಲ್ಲ. ಮಂಜಿನ ಮೇಲ್ಮೈಯಲ್ಲೇ ಸದಾ ಒಂದು ತೆಳುವಾದ, ಅರೆ ನೀರಿನಂಥ ಪದರ ಇರುತ್ತದೆ ಎಂದು ಮೈಕೇಲ್ ಫ್ಯಾರಡೆ 1850ರಲ್ಲೇ ಹೇಳಿದ್ದರು. ಅದರ ಜೊತೆಗೆ ಅಲಗು ಉಜ್ಜುವ ಬಿಸಿಯೂ ಸೇರುತ್ತದೆ. (ರಜೆಯಿಂದ ಬಂದ ವಿಜ್ಞಾನದ ಮೇಷ್ಟ್ರಿಗೆ ಇದನ್ನು ಹೇಳಿದೆವು. ಅವರು ನಕ್ಕು, ಮುಂದಿನ ಘರ್ಷಣೆ ಪಾಠವೂ ನೀವೇ ಮಾಡಿ ಎಂದರು.)

ಇಂಥ ನೆಲದ ಮೇಲೆ ಮೊದಲ ದಿನ ನಿಲ್ಲುವವರಿಗೆ ಏನಾದರೂ ಹಿಡಿದುಕೊಳ್ಳಲು ಬೇಕು ಅನ್ನಿಸುವುದು ಸಹಜ. ಹಾಲೆಂಡಿನಲ್ಲಿ ಕಾಲುವೆಗಳು ಹೆಪ್ಪುಗಟ್ಟಿದಾಗ ಮನೆಯ ಕುರ್ಚಿಯನ್ನೇ ತಂದು ಮಕ್ಕಳ ಮುಂದೆ ಇಡುತ್ತಿದ್ದರು. ಮಗು ಕುರ್ಚಿಯ ಬೆನ್ನು ಹಿಡಿದು ತಳ್ಳುತ್ತಾ ಕಲಿಯುವುದು ಅಲ್ಲಿ ತಲೆಮಾರುಗಳ ಪದ್ಧತಿ. ಅಲ್ಲಿಯ ಫ್ರೀಸ್‌ಲ್ಯಾಂಡ್ ಎಂಬ ಪ್ರಾಂತ್ಯದಲ್ಲಿ ಹನ್ನೊಂದು ಊರುಗಳನ್ನು ಸುತ್ತುವ ಸುಮಾರು 200 ಕಿಲೋಮೀಟರಿನ ಮಂಜಿನ ಓಟವಿದೆ. ಮಂಜು ಸಾಕಷ್ಟು ದಪ್ಪಗಟ್ಟದೆ 1997ರ ನಂತರ ಅದು ನಡೆದೇ ಇಲ್ಲ. ಆ ಪ್ರಾಂತ್ಯದವರ ಮನೆಮಾತು ಫ್ರಿಸಿಯನ್, ದೇಶದ ಮಾತು ಡಚ್. 1980ರಿಂದ ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಫ್ರಿಸಿಯನ್ ಕಡ್ಡಾಯ ವಿಷಯ. ಗಡಿನಾಡಿನ ನಮ್ಮಂಥವರಿಗೆ ಕುರ್ಚಿಗಿಂತ ಈ ಸಂಗತಿಯೇ ಹೆಚ್ಚು ರುಚಿಸಿತು. ಇರಲಿ, ಅದು ಬೇರೆ ಲೇಖನ.

ಕುರ್ಚಿಯ ನಂತರ ಕೊಳವೆಯ ಚೌಕಟ್ಟು ಬಂತು, ಆಮೇಲೆ ಪ್ಲಾಸ್ಟಿಕ್ಕಿನ ಪೆಂಗ್ವಿನ್ನು, ಸೀಲು. ಬೂಟಿಗೆ ಒಂದರ ಬದಲು ಎರಡೆರಡು ಅಲಗು ಕಟ್ಟುವ ಪಟ್ಟಿಗಳೂ ಇವೆ. ಇವನ್ನು ಒಪ್ಪುವವರು ಹೇಳುವುದು: ಮಗುವಿನ ಹೆದರಿಕೆ ಹೋಗುತ್ತದೆ, ಬಗ್ಗಿ ಹಿಡಿದುಕೊಂಡು ಬರುವ ಅಪ್ಪನ ಸೊಂಟ ಉಳಿಯುತ್ತದೆ, ಮೊದಲ ದಿನ ಅಳದೆ ನಕ್ಕ ಮಗು ಎರಡನೇ ದಿನವೂ ಬರುತ್ತದೆ. ಇದನ್ನು ತಳ್ಳಿಹಾಕಲಾಗದು. ಒಂದನೇ ತರಗತಿಗೆ ಪಾಠ ಮಾಡಿದ ಯಾರಿಗೂ ಎರಡನೇ ದಿನ ಮಗು ಬರುವುದು ಎಷ್ಟು ದೊಡ್ಡ ಮಾತು ಎಂದು ಗೊತ್ತು.

ಒಪ್ಪದ ತರಬೇತುದಾರರೂ ಅನೇಕರಿದ್ದಾರೆ. ಅವರ ವಾದವನ್ನು ನಾವು ಆ ವಿಡಿಯೋದಲ್ಲೇ ಮತ್ತೆ ಮತ್ತೆ ನಿಲ್ಲಿಸಿ ನೋಡಿದೆವು. ಬೊಂಬೆ ಹಿಡಿದ ಮಗುವಿನ ಮೈ ಸೊಂಟದಲ್ಲಿ ಮುಂದಕ್ಕೆ ಬಾಗಿದೆ. ಮಂಡಿ ನೆಟ್ಟಗಿದೆ. ಭಾರವೆಲ್ಲ ಅಂಗೈ ಮೇಲೆ. ಪಾದಗಳು ಹಿಂದೆ ಎಲ್ಲೋ ಎಳೆದುಕೊಂಡು ಬರುತ್ತಿವೆ. ಕಣ್ಣು ಬೊಂಬೆಯ ತಲೆಯ ಮೇಲೆ. ಸ್ಕೇಟಿಂಗ್ ಬರಬೇಕಾದರೆ ಇವೆಲ್ಲ ತಿರುವುಮುರುವಾಗಬೇಕು. ಮಂಡಿ ಬಾಗಬೇಕು, ಭಾರ ಪಾದದ ನಡುವಿಗೆ ಬರಬೇಕು, ಕೈ ಮುಂದಕ್ಕೆ ಹಗುರವಾಗಿ ಚಾಚಿರಬೇಕು, ನೋಟ ದೂರಕ್ಕಿರಬೇಕು. ಹಾಗಾಗಿ ಬೊಂಬೆ ಹಿಡಿದು ಹತ್ತು ಸುತ್ತು ಹೊಡೆದ ಮಗು ಬೊಂಬೆ ತಳ್ಳುವುದರಲ್ಲಿ ಪಳಗಿರುತ್ತದೆ, ಅಷ್ಟೇ. ಬೊಂಬೆ ಕಿತ್ತುಕೊಂಡರೆ ಮುಖ ಅಡಿಯಾಗಿ ಬೀಳುತ್ತದೆ.

ಅವರು ಬೇರೆ ಏನು ಮಾಡುತ್ತಾರೆ? ಮೊದಲು ಬೀಳುವುದನ್ನು ಕಲಿಸುತ್ತಾರೆ! ನಮಗೆ ಬಹಳ ಹಿಡಿಸಿದ್ದು ಇದೇ. ಬೀಳುತ್ತೇನೆ ಅನ್ನಿಸಿದ ಕೂಡಲೇ ಮಂಡಿ ಮಡಿಸಿ ಕುಗ್ಗಬೇಕು, ಪಕ್ಕಕ್ಕೆ, ಮಾಂಸವಿರುವ ಕಡೆಗೆ ಬೀಳಬೇಕು. ಬೆರಳು ಮಡಿಸಿ ಮುಷ್ಟಿ ಮಾಡಬೇಕು, ಪಕ್ಕದವರ ಅಲಗು ಬೆರಳ ಮೇಲೆ ಹೋಗಬಾರದಲ್ಲ. ಆಮೇಲೆ ಮಂಡಿಯೂರಿ, ಒಂದು ಪಾದ ಮುಂದಿಟ್ಟು, ಆ ತೊಡೆಯ ಮೇಲೆ ಎರಡೂ ಕೈ ಒತ್ತಿ ಏಳಬೇಕು. ಇದನ್ನು ಮಂಜಿಗೆ ಇಳಿಯುವ ಮೊದಲು ಚಾಪೆಯ ಮೇಲೇ ಅಭ್ಯಾಸ ಮಾಡಿಸುತ್ತಾರೆ. ನಂತರ ಬಾತುಕೋಳಿಯ ಹಾಗೆ ಪಾದ ಹೊರಕ್ಕೆ ತಿರುಗಿಸಿ ಪುಟ್ಟ ಪುಟ್ಟ ಹೆಜ್ಜೆ. ಎರಡು ಹೆಜ್ಜೆ ಇಟ್ಟು ಸುಮ್ಮನೆ ನಿಂತರೆ ಮೈ ತಾನೇ ಜಾರುತ್ತದೆ. ಬಿದ್ದು ಎದ್ದು ಗೊತ್ತಿರುವ ಮಗುವಿಗೆ ಬೊಂಬೆ ಅಷ್ಟಾಗಿ ಬೇಕಾಗುವುದಿಲ್ಲ.

ಇನ್ನೊಂದು ಮಾತು. ಇಂಥ ಆಸರೆಗಳನ್ನು ಅನೇಕ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರಂತೆ. ಬಾಡಿಗೆ ಎಣಿಸುವವನಿಗೆ ಮಗು ಬೇಗ ಕಲಿತರೆ ಏನು ಲಾಭ? ಗೈಡು ಅಚ್ಚು ಹಾಕುವವರ ನೆನಪು ಬಂತು ನಮಗೆ.

ನಮ್ಮ ದೇಶದಲ್ಲಿ ಮಂಜು ಸಿಗುವ ಜಾಗಗಳು ಕಡಿಮೆ. ಶಿಮ್ಲಾದಲ್ಲಿ 1920ರಿಂದ ಬಯಲಿನಲ್ಲಿ ನೀರು ನಿಲ್ಲಿಸಿ ಚಳಿಗೇ ಹೆಪ್ಪುಗಟ್ಟಿಸುವ ಸ್ಕೇಟಿಂಗ್ ಅಂಗಳವಿದೆ. ಲಡಾಖಿನ ಮಕ್ಕಳಿಗೆ ಹೆಪ್ಪುಗಟ್ಟಿದ ಕೊಳಗಳಿವೆ. ಹೊಸೂರಿನ ಕಡೆಯ ದೊಡ್ಡ ಫೀಸಿನ ಶಾಲೆಗಳವರು ಗಾಲಿಯ ಸ್ಕೇಟಿಂಗ್ ಕಲಿಸುತ್ತೇವೆ ಎಂದು ಫ್ಲೆಕ್ಸು ಹಾಕುತ್ತಾರೆ. ನಮ್ಮ ಮಕ್ಕಳು ಅದರ ಕೆಳಗೆ ಬಸ್ಸಿಗೆ ಕಾಯುತ್ತಾರೆ. ಸ್ಕೇಟು ನಮಗೆ ಬೇಡ, ಬಿಡಿ. ಆದರೆ ತೂಕ ಹಿಡಿದು ನಿಲ್ಲುವ ವಿದ್ಯೆ ನಮಗೂ ಬೇಕು. ಅದು ನಮಗೆ ಎರಡು ಗಾಲಿಯ ರೂಪದಲ್ಲಿ ಬರುತ್ತದೆ.

ಅದಕ್ಕೆ ಮೊದಲು ಆ ಹುಡುಗಿ ಹೇಳಿದ ನಡೆವಂಡಿ. ಮೂರು ಮರದ ಗಾಲಿ, ಹಿಡಿಯಲು ಒಂದು ಅಡ್ಡಪಟ್ಟಿ. ತಮಿಳರೂ ನಡೈವಂಡಿ ಎನ್ನುತ್ತಾರೆ, ಈ ಭಾಗದಲ್ಲಿ ಯಾರ ಮಾತು ಯಾರಿಗೆ ಹೋಯಿತೋ! ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ನಿಂತ ಮೇಲೆ ಮಾತ್ರ ಅದು ಉರುಳುತ್ತದೆ. ಬೇಡವೆನಿಸಿದ ಕ್ಷಣ ಮಗು ಕೈ ಬಿಟ್ಟು ಹೊರಡಬಹುದು. ಈಗ ಪೇಟೆಯಲ್ಲಿ ಸಿಗುವ ದುಂಡನೆಯ ವಾಕರ್ ಹಾಗಲ್ಲ. ಅದರಲ್ಲಿ ಮಗುವನ್ನು ಬಟ್ಟೆಯ ಸೀಟಿನಲ್ಲಿ ಕೂರಿಸುತ್ತಾರೆ. ಮಗು ತುದಿಬೆರಳಿನಲ್ಲಿ ನೆಲ ಒದೆಯುತ್ತಾ ಸುತ್ತುತ್ತದೆ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ತಡವಾಗಲೂಬಹುದು ಎಂದು ಮಕ್ಕಳ ವೈದ್ಯರು ಹೇಳುತ್ತಾ ಬಂದಿದ್ದಾರೆ. ಮೆಟ್ಟಿಲಿನಿಂದ ಉರುಳುವ ಅಪಾಯ ಬೇರೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಎರಡನ್ನೂ ನಾವು ಆಸರೆ ಎಂದೇ ಕರೆಯುತ್ತೇವೆ. ಒಂದು ಮಗುವಿನ ಭಾರವನ್ನು ಮಗುವಿಗೇ ಬಿಡುತ್ತದೆ, ಇನ್ನೊಂದು ತಾನೇ ಹೊತ್ತುಕೊಳ್ಳುತ್ತದೆ. ಮಂಜಿನ ಮೇಲಿನ ಕುರ್ಚಿ, ಬೊಂಬೆಗಳ ಜಗಳದಲ್ಲೂ ನಾವು ಕೇಳಬೇಕಾದ ಪ್ರಶ್ನೆ ಇದೇ ಅನ್ನಿಸುತ್ತದೆ. ಬೊಂಬೆಗೆ ಬೆರಳು ತಾಗಿಸಿಕೊಂಡು ನಿಂತ ಮಗು ಬೇರೆ, ಅದರ ಮೇಲೆ ಮಲಗಿದ ಮಗು ಬೇರೆ.

ಈಗ ನಮ್ಮ ತಪ್ಪಿನ ಕತೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಎಂಟನೇ ತರಗತಿ ಮುಗಿಸಿ ಹೋದ ಒಬ್ಬ ಹುಡುಗಿ. ಕಾಡಂಚಿನ ಒಂದು ಚಿಕ್ಕ ಹಟ್ಟಿಯವಳು. ಲೆಕ್ಕದಲ್ಲಿ ಚುರುಕು. ಕನ್ನಡ ಕೈಬರಹ ಮುತ್ತಿನಂತೆ. ಹತ್ತನೇ ತರಗತಿ ಒಳ್ಳೆಯ ಅಂಕ ತೆಗೆದು ಪಾಸಾದಳು, ಹನ್ನೊಂದಕ್ಕೆ ಸೇರಿದಳು. ತಮಿಳುನಾಡಿನಲ್ಲಿ ಹನ್ನೊಂದನೇ ತರಗತಿಗೆ ಸರ್ಕಾರದ ಉಚಿತ ಸೈಕಲ್ ಬರುತ್ತದೆ. 2001ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಹೆಣ್ಣುಮಕ್ಕಳಿಗೆ ಎಂದು ಶುರುವಾಗಿ, 2005ರಲ್ಲಿ ಎಲ್ಲ ಜಾತಿಯ ಗಂಡು ಹೆಣ್ಣು ಮಕ್ಕಳಿಗೂ ವಿಸ್ತರಿಸಿದ ಯೋಜನೆ ಅದು. ಒಳ್ಳೆಯ ಯೋಜನೆ, ಎರಡು ಮಾತಿಲ್ಲ. ಅವಳಿಗೂ ಬಂತು. ಅವಳಿಗೆ ಸೈಕಲ್ ಬರುತ್ತಿರಲಿಲ್ಲ.

ಹದಿನಾರು ವಯಸ್ಸಿನ ಹುಡುಗಿ ಊರ ಬೀದಿಯಲ್ಲಿ ಬಿದ್ದು ಎದ್ದು ಸೈಕಲ್ ಕಲಿಯುವುದು ಸುಲಭವಲ್ಲ. ನೋಡುವ ಕಣ್ಣುಗಳಿರುತ್ತವೆ. ಒಂದೆರಡು ದಿನ ತಮ್ಮ ಹಿಂದೆ ಹಿಡಿದ. ಮೂರನೇ ದಿನ ಬಿದ್ದಳು, ಮೊಣಕೈ ಸುಲಿಯಿತು, ಯಾರೋ ನಕ್ಕರು. ಅಲ್ಲಿಗೆ ಮುಗಿಯಿತು. ಬಸ್ಸು ತಪ್ಪಿದ ದಿನ ಶಾಲೆ ತಪ್ಪಿತು. ರಾಗಿ ಕೊಯ್ಲಿನ ಹೊತ್ತಿಗೆ ಸಾನಮಾವು ಕಾಡಿಗೆ ಆನೆ ಹಿಂಡು ಬರುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಆ ತಿಂಗಳುಗಳಲ್ಲಿ ನಡೆದು ಹೋಗಲು ಮನೆಯವರು ಬಿಡಲಿಲ್ಲ. ವರ್ಷ ತುಂಬುವ ಮೊದಲೇ ಓದು ನಿಂತಿತು. ಒಂದು ದಿನ ಆ ಸೈಕಲ್ಲು ನಮಗೆ ಎದುರಾಯಿತು. ಹಿಂದೆ ಹಾಲಿನ ಕ್ಯಾನು ಕಟ್ಟಿತ್ತು, ಅವಳ ತಮ್ಮ ತುಳಿಯುತ್ತಿದ್ದ.

ಬರೀ ಸೈಕಲ್ ಬಾರದ್ದಕ್ಕೇ ಓದು ನಿಂತಿತು ಎಂದು ನಾವು ಹೇಳುತ್ತಿಲ್ಲ. ಬಡತನ ಇತ್ತು, ಮದುವೆಯ ಮಾತೂ ಇತ್ತು. ಆದರೆ ಎಂಟು ವರ್ಷ ನಮ್ಮ ಕೈಯಲ್ಲಿದ್ದ ಮಗು. ಮಗ್ಗಿ ಬರುತ್ತದೆಯೇ, ಒತ್ತಕ್ಷರ ಬರುತ್ತದೆಯೇ ಎಂದು ಕೇಳಿದ ನಾವು ಒಂದು ದಿನವೂ "ನಿನಗೆ ಸೈಕಲ್ ಬರುತ್ತದೆಯೇನಮ್ಮಾ?" ಎಂದು ಕೇಳಲಿಲ್ಲ.

ಇದೇ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಅಕ್ಷರ ಚಳವಳಿಯ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಅರಿವೊಳಿ ಇಯಕ್ಕಂ ಎಂದು ಅದರ ಹೆಸರು. ಆಗಿನ ಜಿಲ್ಲಾಧಿಕಾರಿ ಷೀಲಾ ರಾಣಿ ಚುಂಕತ್ ಅದಕ್ಕೆ ಬೆನ್ನಾಗಿ ನಿಂತರು. 70,000ಕ್ಕೂ ಹೆಚ್ಚು ಹೆಂಗಸರು ತಾವು ಕಲಿತ ಸೈಕಲ್ ಸವಾರಿಯನ್ನು ಜನರ ಮುಂದೆ ತೋರಿಸಿದರು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಗಮನಿಸಿ, ಅಲ್ಲಿ ಕಲಿಸುವುದಕ್ಕೂ ಏರ್ಪಾಡಿತ್ತು, ಕಲಿತ ಹೆಂಗಸರು ಕಲಿಯದವರಿಗೆ ಹೇಳಿಕೊಟ್ಟರು. ಒಬ್ಬಳೇ ಬಿದ್ದರೆ ಊರು ನಗುತ್ತದೆ. ನೂರು ಜನ ಒಟ್ಟಿಗೆ ಬೀಳುತ್ತಾ ಏಳುತ್ತಾ ಇದ್ದರೆ ಯಾರು ಯಾರನ್ನು ನೋಡಿ ನಗುವುದು?

ಸರಿ, ಹೇಗೆ ಕಲಿಸುವುದು? ನಮ್ಮ ಸಹೋದ್ಯೋಗಿಯೊಬ್ಬರು ಹಿಂದಿನ ಗಾಲಿಗೆ ಎರಡು ಪಕ್ಕದ ಪುಟ್ಟ ಗಾಲಿ ಹಾಕಿಸಿ ಎಂದರು. ಇಲ್ಲೇ ನಮಗೆ ಪೆಂಗ್ವಿನ್ ನೆನಪಾಯಿತು. ಸೈಕಲ್ಲು ನಿಲ್ಲುವುದು ವಾಲುವುದರಿಂದ. ಎಡಕ್ಕೆ ಬೀಳುತ್ತಿದ್ದರೆ ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು, ಆಗ ಗಾಲಿಗಳು ಮೈಯ ಅಡಿಗೆ ಬರುತ್ತವೆ. ಪಕ್ಕದ ಗಾಲಿ ಇರುವಾಗ ಸೈಕಲ್ಲು ವಾಲುವುದೇ ಇಲ್ಲ. ಮಗು ಮೂರು ಗಾಲಿಯ ಬಂಡಿಯಂತೆ ಅದನ್ನು ತಿರುಗಿಸಲು ಕಲಿಯುತ್ತದೆ. ಪೆಡಲು ತುಳಿಯಲು ಬರುತ್ತದೆ, ತೂಕ ಹಿಡಿಯಲು ಬರುವುದಿಲ್ಲ. ಮಂಜಿನ ಮೇಲೆ ಬೊಂಬೆ ತಳ್ಳಿದ ಮಗುವಿನ ಪಾಡೇ.

ಅದರ ಬದಲು ಪೆಡಲನ್ನೇ ತೆಗೆಯುವುದು ಒಂದು ಉಪಾಯ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮೊದಲು ಓಡಿಸಿದ ಎರಡು ಗಾಲಿಯ ವಾಹನಕ್ಕೆ ಪೆಡಲು ಇರಲೇ ಇಲ್ಲ. ಕೂತು ಕಾಲಿನಿಂದ ನೆಲ ಒದೆಯುತ್ತಾ ಹೋಗುವುದು. ಪೆಡಲು ಬಂದದ್ದು 1860ರ ದಶಕದಲ್ಲಿ. ಈಗ ಪುಟ್ಟ ಮಕ್ಕಳಿಗೆ ಪೆಡಲಿಲ್ಲದ ಸೈಕಲ್ಲುಗಳನ್ನೇ ಮಾರುತ್ತಾರೆ, ಬೆಲೆ ಕೇಳಿ ಹೌಹಾರಿದೆವು. ಹಳೆಯ ಲೇಡೀಸ್ ಸೈಕಲ್ಲಿಗೆ ಸೀಟು ಪೂರ್ತಿ ತಗ್ಗಿಸಿ, ಎರಡು ಪೆಡಲು ಬಿಚ್ಚಿದರೆ ಅದೇ ಆಯಿತು. ಮಗುವಿನ ಎರಡೂ ಪಾದ ನೆಲಕ್ಕೆ ಚೆನ್ನಾಗಿ ತಾಗುತ್ತವೆ. ಬಿದ್ದೇನೆಂಬ ಹೆದರಿಕೆ ಅರ್ಧ ಕಡಿಮೆ. ಆದರೆ ಸೈಕಲ್ಲು ವಾಲುತ್ತದೆ, ಮಗು ಅದನ್ನು ಹಿಡಿಯಲೇಬೇಕು. ಒದ್ದು ಒದ್ದು ಹೋಗುತ್ತಾ ಒಂದು ಹೊತ್ತಿನಲ್ಲಿ ಎರಡೂ ಕಾಲು ಎತ್ತುತ್ತದೆ. ಎಷ್ಟು ಹೊತ್ತು ಎತ್ತಬೇಕೆಂದು ಅದೇ ತೀರ್ಮಾನಿಸುತ್ತದೆ. ಮರದ ನಡೆವಂಡಿಯ ಗುಣ ಇದಕ್ಕೂ ಇದೆ.

ಪೆಡಲು ಬಿಚ್ಚುವಾಗ ನಮ್ಮ ಬಿ.ಎ. ಪದವಿ ಮತ್ತೆ ಬಯಲಾಯಿತು. ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದು ಎಷ್ಟು ತಿರುಗಿಸಿದರೂ ಇನ್ನಷ್ಟು ಬಿಗಿಯಾಯಿತು. ಸ್ಪ್ಯಾನರು ಜಾರಿ ಗೆಣ್ಣು ಕಿತ್ತುಹೋಯಿತು. ಕೊನೆಗೆ ಸೈಕಲ್ ಶಾಪಿನವರು ನಕ್ಕು ಹೇಳಿದರು: ಎಡ ಪೆಡಲಿನ ಮರೆ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ತುಳಿಯುವಾಗ ತಾನಾಗಿ ಸಡಿಲವಾಗಬಾರದೆಂದು ಹಾಗೆ ಮಾಡಿರುತ್ತಾರಂತೆ. ನೀವು ಪ್ರಯತ್ನಿಸುವುದಾದರೆ ನೆನಪಿಡಿ, ನಿಮ್ಮ ಗೆಣ್ಣು ಉಳಿಯಲಿ.

ಮೈದಾನದ ಮೂಲೆಯಲ್ಲಿ ಸ್ವಲ್ಪ ಇಳಿಜಾರಿದೆ. ವಾರಕ್ಕೆ ಎರಡು ದಿನ, ಆಟದ ಪೀರಿಯಡ್ಡಿನಲ್ಲಿ, ಆರು ಏಳು ಎಂಟನೇ ತರಗತಿಯ ಬಾರದ ಮಕ್ಕಳಿಗೆ. ಮೊದಲ ದಿನ ಸೈಕಲ್ಲೇ ಇಲ್ಲ, ಬರೀ ಬೀಳುವ ಪಾಠ. ಸ್ಕೇಟಿಂಗಿನವರಿಂದ ಕದ್ದದ್ದು. ಸೈಕಲ್ಲನ್ನು ಬಿಟ್ಟು ಪಕ್ಕಕ್ಕೆ ಹೇಗೆ ಸರಿಯಬೇಕು, ಬಿದ್ದ ಮೇಲೆ ಸೈಕಲ್ಲಿನಡಿಯಿಂದ ಕಾಲು ಹೇಗೆ ತೆಗೆಯಬೇಕು ಎಂದೆಲ್ಲ. ಮಕ್ಕಳಿಗೆ ಇದೇ ದೊಡ್ಡ ಆಟವಾಯಿತು. ಕೆಲವರಿಗೆ ನಾಲ್ಕು ದಿನ ಸಾಕಾಯಿತು, ಕೆಲವರಿಗೆ ಮೂರು ವಾರ. ಒಬ್ಬಳಿಗೆ ಇನ್ನೂ ಬಂದಿಲ್ಲ, ಅವಳಿಗೆ ಅವಸರವೂ ಇಲ್ಲ. ಹಿಂದೆ ಹಿಡಿದು ಓಡುವ ಪದ್ಧತಿಯನ್ನು ನಾವು ಬಿಟ್ಟಿದ್ದೇವೆ. "ಹಿಡ್ಕೊಂಡಿದೀನಿ, ತುಳಿ ತುಳಿ" ಎಂದು ಸುಳ್ಳು ಹೇಳಿ ಕೈ ಬಿಟ್ಟು ನಮ್ಮ ಅಪ್ಪ ನಮಗೆ ಕಲಿಸಿದ್ದು. ಕಲಿತೆವು ನಿಜ. ಆದರೆ ಹಿಂತಿರುಗಿ ನೋಡಿ ಬೇಲಿಗೆ ಬಿದ್ದದ್ದೂ ನಿಜ.

ಇಷ್ಟೆಲ್ಲ ಹೇಳುವಾಗ ಒಂದು ಎಡವಟ್ಟು ಮಾಡಿಕೊಂಡೆವು. ಉತ್ಸಾಹದಲ್ಲಿ ತರಗತಿಯಲ್ಲಿ "ಆಸರೆ ಬಿಟ್ಟವನೇ ಜಾಣ" ಎಂದುಬಿಟ್ಟೆವು. ಕಿಟಕಿಯ ಪಕ್ಕದಲ್ಲಿ ಕೂರುವ ಒಬ್ಬ ಹುಡುಗ ತಲೆ ಎತ್ತಿ ನೋಡಿದ. ಹುಟ್ಟಿನಿಂದ ಅವನ ಕಾಲಿನ ಸ್ನಾಯುಗಳು ಬಿಗಿ. ಚೌಕಟ್ಟಿನ ವಾಕರ್ ಹಿಡಿದೇ ನಡೆಯುತ್ತಾನೆ, ಮುಂದೆಯೂ ಹಾಗೇ ನಡೆಯುತ್ತಾನೆ. ನಮ್ಮ ನಾಲಿಗೆ ಕಚ್ಚಿಕೊಂಡೆವು. ಪೀರಿಯಡ್ಡು ಮುಗಿದ ಮೇಲೆ ಅವನು ಕೇಳಿದ್ದು ಒಂದೇ: "ಸಾ, ನನ್ ವಾಕರ್ ಐಸ್ ಮೇಲೆ ಓಡ್ತದಾ?"

ಓಡುತ್ತದೆ. ಕಾಲಿಲ್ಲದವರು, ಕಾಲು ಬಾರದವರು ಮಂಜಿಗಿಳಿಯಲೆಂದೇ ಮಾಡಿದ ಚೌಕಟ್ಟುಗಳಿವೆ. ಗಾಲಿಕುರ್ಚಿಯನ್ನೇ ಮಂಜಿನ ಮೇಲೆ ತಳ್ಳಿಕೊಂಡು ಹೋಗುತ್ತಾರೆ. ಎರಡು ಅಲಗಿನ ಪುಟ್ಟ ಜಾರುಬಂಡಿಯಲ್ಲಿ ಕೂತು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಆಡುವ ಐಸ್ ಹಾಕಿ 1994ರಿಂದ ಪ್ಯಾರಾಲಿಂಪಿಕ್ಸಿನಲ್ಲೇ ಇದೆ. ಆ ಆಟದ ವಿಡಿಯೋ ಅವನಿಗೆ ತೋರಿಸಿದೆವು. ಮೂರು ಸಲ ನೋಡಿದ. ಹಾಗಾಗಿ ಬೊಂಬೆ ಹಿಡಿದವರನ್ನು ಕಂಡ ಕೂಡಲೇ ಬಿಡಿಸಿ ಎಂದು ನಾವು ಹೇಳುವುದಿಲ್ಲ. ಯಾರ ಮೈಗೆ ಅದು ಕಾಲೇ ಆಗಿದೆ, ಯಾರಿಗೆ ಬರೀ ಹೆದರಿಕೆ ಎಂದು ಹತ್ತಿರ ನಿಂತು ನೋಡಬೇಕು. ಅದನ್ನು ಬಾಡಿಗೆಗೆ ಕೊಡುವವನು ನೋಡಲಾರ, ಸರ್ಕಾರದ ಆದೇಶವೂ ನೋಡಲಾರದು. ಮೇಷ್ಟ್ರು ನೋಡಬಹುದು.

ಹೊಸೂರು, ಶೂಲಗಿರಿ, ತಳಿ, ಕೆಲಮಂಗಲ ಕಡೆಯ ಕನ್ನಡ ಶಾಲೆಗಳ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಎಂಟನೇ ತರಗತಿಯಲ್ಲಿ ನಾಳೆ ಬೆಳಿಗ್ಗೆ ಕೇಳಿ, ಯಾರ್ಯಾರಿಗೆ ಸೈಕಲ್ ಬರುವುದಿಲ್ಲ ಎಂದು. ಹುಡುಗರು ಸುಳ್ಳು ಹೇಳುತ್ತಾರೆ, ಹುಡುಗಿಯರು ಸುಮ್ಮನಿರುತ್ತಾರೆ, ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಡಿಯಾಚೆ ಕರ್ನಾಟಕದಲ್ಲಿ 2006-07ರಲ್ಲಿ ಸೈಕಲ್ ಯೋಜನೆ ಶುರುವಾದಾಗ ಎಂಟನೇ ತರಗತಿಗೇ ಕೊಟ್ಟಿದ್ದರು. ಇಲ್ಲಿ ಹನ್ನೊಂದಕ್ಕೆ. ಅಂದರೆ ನಮಗೆ ಕಲಿಸಲು ಮೂರು ವರ್ಷ ಹೆಚ್ಚು ಸಿಗುತ್ತದೆ. ಖರ್ಚು ಒಂದು ಹಳೆಯ ಸೈಕಲ್ಲು, ಒಂದು ಸ್ಪ್ಯಾನರು. ಆನೆಯ ಸುದ್ದಿ ಇರುವ ದಿನ ಮಾತ್ರ ಬೇಡ.

ನಮ್ಮ ಸೈಕಲ್ಲಿನ ಪೆಡಲುಗಳು ಸದ್ಯ ಸ್ಟಾಫ್ ರೂಮಿನ ಬೀರುವಿನಲ್ಲಿ, ಸೀಮೆಸುಣ್ಣದ ಡಬ್ಬದ ಪಕ್ಕ ಇವೆ. ಎಡಗಡೆಯದಕ್ಕೆ ಕೆಂಪು ದಾರ ಕಟ್ಟಿದ್ದೇವೆ. ಸೋಮವಾರ ಏಳನೇ ತರಗತಿಯ ಇಬ್ಬರಿಗೆ ಅವನ್ನು ಹಾಕಿಕೊಡಬೇಕು.